ಅಳತೆಯವನು ಬಗ್ಗಿದ್ದು

ನಾನು ಬಗ್ಗಿದ್ದು ನಿಜ. ಊರಿನವರು ಈಗ ಅದನ್ನು ಬೇರೆ ಬೇರೆ ರೀತಿ ಹೇಳುತ್ತಾರೆ. ಕಾಲು ಜಾರಿತು ಎನ್ನುವವರಿದ್ದಾರೆ, ತಲೆ ಕೆಟ್ಟಿತ್ತು ಎನ್ನುವವರೂ ಇದ್ದಾರೆ. ಕಾಲು ಜಾರಿರಲಿಲ್ಲ. ತಲೆ ನೆಟ್ಟಗಿತ್ತು. ಚಳಿಗಾಲದ ನಟ್ಟನಡುವೆ, ಹಾಡಹಗಲಲ್ಲಿ, ನನ್ನ ಮನೆಯೊಳಗೆ, ಎರಡೂ ಮೊಣಕಾಲು ಮಡಚಿ, ಸೊಂಟ ಬಗ್ಗಿಸಿ, ತಲೆಯನ್ನು ಮುಚ್ಚಳದ ಕೆಳಗೆ ಹಾಕಿದೆ. ಆರು ಚಳಿಗಾಲಗಳಲ್ಲಿ ಅದೇ ಮೊದಲು.

ನಮ್ಮೂರಿನಲ್ಲಿ ಚಳಿ ಬಿದ್ದ ಕೂಡಲೇ ಗಾಳಿಗೆ ಮುಚ್ಚಳ ಬೀಳುತ್ತದೆ. ಮುಚ್ಚಳದ ಮೇಲೆ ತಿಳಿಗಾಳಿ, ಕೆಳಗೆ ಹೊಗೆ, ನಡುವೆ ದಾರ ಹಿಡಿದು ಗೆರೆ ಎಳೆದಷ್ಟು ಸಪಾಟು. ಕೆರೆಯ ನೀರಿನಲ್ಲಿ ನಿಂತವರ ಹಾಗೆ ನಾವು ಅದರಲ್ಲಿ ನಿಂತು ಮಾತಾಡುತ್ತೇವೆ, ವ್ಯಾಪಾರ ಮಾಡುತ್ತೇವೆ, ಹೆಣ್ಣು ಗಂಡು ನೋಡುತ್ತೇವೆ. ಆಕಾಶ ತಿಳಿಯಾಗಿ, ಎಲೆ ಅಲುಗದೆ, ಚಳಿ ಮೂಳೆಗೆ ಇಳಿದ ರಾತ್ರಿಯ ಮರುದಿನ ಮುಚ್ಚಳ ಇನ್ನಷ್ಟು ತಗ್ಗುತ್ತದೆ. ಮೋಡ ಕವಿದರೆ, ಗಾಳಿ ಬೀಸಿದರೆ ಏರುತ್ತದೆ, ಹೊಗೆ ಮುಖಕ್ಕೆ ಬರುತ್ತದೆ. ಹೀಗಾಗಿ ನಮ್ಮೂರಿನಲ್ಲಿ ಗಾಳಿಯನ್ನು ಕಂಡರೆ ಯಾರಿಗೂ ಆಗದು. ನೀಲಿ ಆಕಾಶದ ಚಳಿಯ ಬೆಳಗು ಎಂದರೆ ಹಬ್ಬ. ಮಧ್ಯಾಹ್ನ ಬಿಸಿಲು ಬಲಿತಾಗ ಮುಚ್ಚಳ ಸ್ವಲ್ಪ ಹೊತ್ತು ಸಡಿಲವಾಗಿ ಹೊಗೆ ತೊಲೆಯವರೆಗೂ ಏರುವುದುಂಟು. ಆಗ ಊರಿಗೆ ಊರೇ ಒಟ್ಟಿಗೆ ಕೆಮ್ಮುತ್ತದೆ. ಅದನ್ನು ಮಧ್ಯಾಹ್ನದ ಕೆಮ್ಮು ಅನ್ನುತ್ತೇವೆ. ಕೆಮ್ಮಿ ಮುಗಿಸಿ ಚಹಾ ಕುಡಿಯುತ್ತೇವೆ.

ಇದಕ್ಕೆ ತಕ್ಕಂತೆ ಬದುಕನ್ನು ಜೋಡಿಸಿಕೊಂಡಿದ್ದೇವೆ. ಮಂಚದ ಕಾಲುಗಳು ಎದೆಯೆತ್ತರ. ಒಲೆಯ ಕಟ್ಟೆ ನಿಂತು ಅಡುಗೆ ಮಾಡುವಷ್ಟು ಎತ್ತರ. ಶಾಲೆಯ ಬೆಂಚು ಹತ್ತಲು ಏಣಿ. ಅನುಕೂಲಸ್ಥರ ಮಕ್ಕಳು ನಾಲ್ಕು ತಿಂಗಳು ಅಟ್ಟದ ಮೇಲೆ, ಅಪ್ಪನ ಹೆಗಲ ಮೇಲೆ ಬೆಳೆಯುತ್ತಾರೆ. ನಡೆಯುವಾಗ ಕಾಲಿಗೆ ಏನಾದರೂ ಮೆತ್ತಗೆ ತಾಗಿದರೆ ‘ಹಚಾ’ ಅಂದು ಮುಂದೆ ಹೋಗುತ್ತೇವೆ. ನಾಯಿಯೋ ಮನುಷ್ಯರೋ ಎಂದು ನೋಡುವ ರೂಢಿಯಿಲ್ಲ.

ನಾನು ಊರಿನ ಅಳತೆಯವನು. ಹೆಸರು ಶಿವಪುತ್ರ. ಎಲ್ಲರಿಗಿಂತ ಎತ್ತರ ಎಂಬ ಒಂದೇ ಅರ್ಹತೆಗೆ ಈ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಎಂಟಕ್ಕೆ ಚಾವಡಿಯ ಮುಂದಿನ ಚೌಕದಲ್ಲಿ ನೆಟ್ಟಗೆ ನಿಂತು, ಮುಚ್ಚಳ ನನ್ನ ಮೈಗೆ ಎಲ್ಲಿ ತಾಗುತ್ತದೆ ಎಂದು ಕೂಗಿ ಹೇಳಬೇಕು. ಎದೆ, ಸೊಂಟ, ತೊಡೆ, ಮೊಣಕಾಲು. ಚಾವಡಿಯ ಗೋಡೆಯ ಮೇಲೆ ಹಳೆಯ ಅಕ್ಷರದಲ್ಲಿ ಬರೆದಿದೆ: ‘ಮುಚ್ಚಳವು ಅಳತೆಯವನ ಬಾಯಿಗೆ ಬಂದರೆ ಊರಿನ ಎಲ್ಲ ಬೆಂಕಿ ಆರತಕ್ಕದ್ದು. ಅವನು ಮತ್ತೊಂದು ಅಳತೆ ಹೇಳುವತನಕ ಹಚ್ಚತಕ್ಕದ್ದಲ್ಲ.’ ನನ್ನ ಕಾಲದಲ್ಲಿ ಅದು ಬಾಯಿಗೆ ಬಂದದ್ದು ಎರಡೇ ಸಲ, ಅದೂ ಮೋಡದ ದಿನ. ಉಳಿದಂತೆ ನಲವತ್ತೂ ಚುರುಮುರಿ ಭಟ್ಟಿಗಳು ಉರಿಯುತ್ತಿದ್ದವು. ಭತ್ತದ ಹೊಟ್ಟು, ಹಳೆಯ ಟೈರು, ಕೈಗೆ ಸಿಕ್ಕಿದ್ದೆಲ್ಲ ಭಟ್ಟಿಯ ಬಾಯಿಗೆ. ಜೊತೆಗೆ ಮನೆಮನೆಯ ಬಚ್ಚಲ ಒಲೆ, ಚಳಿ ಕಾಯಿಸುವ ಬೆಂಕಿ. ಮುಚ್ಚಳ ತಗ್ಗಿದಷ್ಟೂ ಜನ ಧೈರ್ಯವಾಗಿ ಬೆಂಕಿ ಹಚ್ಚುತ್ತಿದ್ದರು. ಹೊಗೆ ಕಾಲ ಕೆಳಗಲ್ಲವೇ.

ಮೊದಲ ಚಳಿಯಿಂದ ಕೊನೆಯ ಚಳಿಯವರೆಗೆ ಅಳತೆಯವನು ಬಗ್ಗಬಾರದು. ಅವನ ಮೈ ಊರಿನ ಅಳತೆಗೋಲು, ಕೋಲು ಬಗ್ಗಿದರೆ ಊರಿನ ಲೆಕ್ಕ ತಪ್ಪುತ್ತದೆ. ನನ್ನ ಚಪ್ಪಲಿಯ ಪಟ್ಟಿ ಬೇರೆಯವರು ಬಿಗಿಯುತ್ತಿದ್ದರು. ಕೈಯಿಂದ ಏನಾದರೂ ಬಿದ್ದರೆ ಅದು ಹೋಯಿತು ಎಂದೇ ಅರ್ಥ. ನನ್ನ ಹತ್ತು ತಿಂಗಳ ಮಗಳು ಇಂದ್ರಿಯನ್ನು ಕೂಡ ಹೆಂಡತಿ ಎತ್ತಿ ಕೈಗೆ ಕೊಟ್ಟರೆ ಉಂಟು. ಕೊಡುವ ಮೊದಲು ಅವಳು ಮುಖ ಒರೆಸಿಯೇ ಕೊಡುತ್ತಿದ್ದಳು. ಆದ್ದರಿಂದ ಮಗಳು ನನ್ನ ಪಾಲಿಗೆ ಯಾವಾಗಲೂ ಹೆಗಲೆತ್ತರದಲ್ಲಿ ಇರುವ, ಶುಭ್ರ ಮುಖದ, ಸ್ವಲ್ಪ ಗೊರಗೊರ ಉಸಿರಿನ ಕೂಸು.

“ಕೂಸು ಬಾಳ ಕೆಮ್ಮಾಕ ಹತ್ತೈತ್ರೀ,” ಎಂದು ಹೆಂಡತಿ ಸಾವಂತ್ರಿ ವಾರದಿಂದ ಹೇಳುತ್ತಲೇ ಇದ್ದಳು. “ಅಂಬೆಗಾಲ ಇಡಾಕ ಕಲತೈತಿ. ತೊಟ್ಟಿಲದಾಗ ಕಟ್ಟಿ ಹಾಕ್ಲೇನು? ನೀವರ ಚಾವಡ್ಯಾಗ ಒಂದ್ ಮಾತ ಹೇಳ್ರಿ.”

“ಏನಂತ ಹೇಳ್ಲಿ? ಮೊಣಕಾಲ ಅಂದ್ರ ಊರಿಗೆ ಒಳ್ಳೇ ದಿನ.”

“ಮೊಣಕಾಲಿಲ್ಲದವರಿಗೆ?”

“ಏ, ನೀ ಸುಮ್ಮನಿರು. ಕೆಳಗಿನ ಮಾತು ಅಳತಿಯೊಳಗ ಬರೂದಿಲ್ಲ.”

ಈ ಮಾತನ್ನು ನಾನೇ ಆಡಿದೆ, ನನ್ನ ಬಾಯಿಂದಲೇ.

ಆ ದಿನ ಬೆಳಿಗ್ಗೆ ಚೌಕಕ್ಕೆ ಹೋದಾಗ ಹನ್ನೊಂದು ದಿನದಿಂದ ಗಾಳಿ ಸತ್ತಿತ್ತು. ಆಕಾಶ ಎಷ್ಟು ನೀಲಿಯಿತ್ತೆಂದರೆ ನೋಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಜನ ಕಾಯುತ್ತಿದ್ದರು. ಊರಿನ ಹಿರಿಯ ಫಕೀರಗೌಡರು ಚಾವಡಿಯ ಕಟ್ಟೆಯ ಮೇಲೆ ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಅವರಿಗೆ ಆರು ಭಟ್ಟಿಗಳಿವೆ. ನಾನು ನೆಟ್ಟಗೆ ನಿಂತು ಕಣ್ಣಷ್ಟೇ ಕೆಳಗೆ ಹಾಕಿದೆ. ಮೊಣಕಾಲು ಪೂರ್ತಿ ಕಾಣುತ್ತಿತ್ತು. ಅದರ ಕೆಳಗೂ ಒಂದು ಗೇಣು ಕಾಲು ಕಾಣುತ್ತಿತ್ತು. ಕೂಗಲು ಪದ ಹುಡುಕಬೇಕಾಯಿತು.

“ಮೀನಖಂಡ!”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಚೌಕಕ್ಕೆ ಚೌಕವೇ ಚಪ್ಪಾಳೆ ಹೊಡೆಯಿತು.

“ನಮ್ಮಜ್ಜನ ಕಾಲದಾಗೂ ಇಷ್ಟು ಇಳದಿದ್ದಿಲ್ಲೋ!” ಗೌಡರು ಬಟ್ಟಲು ಇಟ್ಟು, ತಮ್ಮ ಹೆಗಲ ಮೇಲಿನ ಶಾಲನ್ನು ತೆಗೆದು ನನಗೆ ಹೊದಿಸಿದರು, ಇಳಿಸಿದ್ದು ನಾನೇ ಎಂಬಂತೆ. “ಹಚ್ರಲೇ ಎಲ್ಲಾ ಭಟ್ಟಿ! ಎರಡೆರಡು ಪಾಳಿ ಹಚ್ರಿ. ಇಂಥಾ ದಿನಾ ಮತ್ತ ಬರೂದಿಲ್ಲ!”

ಚೌಕದ ಮೂಲೆಯಲ್ಲಿ ಕೊತ್ತಂಬರಿ, ಮೆಂತ್ಯ ಮಾರುವ ಮೆಹಬೂಬಿ ಚಾಚಿ ನೆಲದ ಮೇಲೆ ಕೂರುತ್ತಾಳೆ. ಆ ವರ್ಷ ಚಳಿ ಬಿದ್ದಂದಿನಿಂದ ನಾನು ಅವಳ ಮುಖ ನೋಡಿರಲಿಲ್ಲ. ಅಂದು ಮುಚ್ಚಳ ಅಷ್ಟು ತಗ್ಗಿದ್ದರಿಂದ ಕೂತವಳ ತಲೆ, ಹೆಗಲು ಹೊರಗೆ ಬಂದಿದ್ದವು. ಮುಖ ಬೂದಿಯಲ್ಲಿ ಹೊರಳಿಸಿದ ಬದನೆಕಾಯಿಯಂತಿತ್ತು.

“ಏನ್ ಚಾಚಿ, ಇವತ್ತ ನಿನಗೂ ಹಬ್ಬ ಆತಲ್ಲ?” ಎಂದೆ.

“ನನಗ ಆತಪಾ ತಮ್ಮಾ,” ಎಂದಳು. ನಗಲಿಲ್ಲ. ಎರಡೂ ಕೈ ಕೆಳಗೆ ಹಾಕಿ, ಸುಮಾರು ಮೂರು ವರ್ಷದ ಮೊಮ್ಮಗಳನ್ನು ನೀರಿನಿಂದ ಎತ್ತಿದ ಹಾಗೆ ಎತ್ತಿ ತೊಡೆಯ ಮೇಲೆ ನಿಲ್ಲಿಸಿದಳು. “ನೋಡವ್ವಾ, ಬಿಸಲು,” ಎಂದಳು. ಆ ಮಗು ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿತು.

ಶಾಲು ಹೊದ್ದುಕೊಂಡು ಮನೆಗೆ ಬಂದೆ. ನಮ್ಮ ಮನೆಯ ನೆಲ ಬೀದಿಗಿಂತ ಒಂದು ಮೆಟ್ಟಿಲು ಕೆಳಗೆ. ಒಳಗೆ ಮುಚ್ಚಳ ಮೊಣಕಾಲಿನ ಹತ್ತಿರವಿತ್ತು. ಸಾವಂತ್ರಿ ಕೊಡ ಎತ್ತಿಕೊಂಡು ನೀರಿಗೆ ಹೊರಟಿದ್ದಳು. ಶಾಲನ್ನು ನೋಡಿದಳು.

“ಕೂಸು ಎಲ್ಲಿ?”

“ಅಲ್ಲೇ ಕೆಳಗ ಐತಿ ನೋಡ್ರಿ. ತೊಟ್ಟಿಲದಾಗ ಹಾಕಿದ್ರ ಹಾರಿ ಬೀಳತೈತಿ. ಸರದಿ ತಪ್ಪಿದ್ರ ನೀರ ಸಿಗೂದಿಲ್ಲ, ಈಗ ಬಂದ್ನಿ.”

ಅವಳು ಹೋದಳು. ನಾನು ನಿಂತು ನೋಡಿದೆ. ಕಂದು ಹೊಗೆಯ ಮೇಲ್ಮೈಯಲ್ಲಿ ಒಂದು ಸಣ್ಣ ಉಬ್ಬು ಒಲೆಯ ಕಡೆಯಿಂದ ನನ್ನ ಕಡೆಗೆ ಬರುತ್ತಿತ್ತು, ತೆಳುನೀರಿನಲ್ಲಿ ಮೀನು ಬಂದಂತೆ. ಒಮ್ಮೊಮ್ಮೆ ನೆತ್ತಿ ಕಾಣಿಸುತ್ತಿತ್ತು, ಕಪ್ಪು ಕೂದಲು, ಮತ್ತೆ ಮುಳುಗುತ್ತಿತ್ತು. ನನಗೆ ನಗು ಬಂತು. “ಬಾ ಬಾ, ಅಪ್ಪನ ಕಡೆ ಬಾ,” ಎಂದೆ. ಕೆಮ್ಮು ಕೇಳಿಸಿತು. ಇನ್ನೊಂದು ಕೆಮ್ಮು, ಒಣ ಚರ್ಮ ಹರಿದಂತೆ. ಉಬ್ಬು ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿತು. ಆಮೇಲೆ ಅದು ಮಟ್ಟವಾಯಿತು. ಮುಚ್ಚಳ ಎಲ್ಲ ಕಡೆ ಒಂದೇ ಸಮ.

ಕೆಮ್ಮು ಬರಲಿಲ್ಲ.

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಾನು ಬಗ್ಗಲಿಲ್ಲ. ನೆಟ್ಟಗೆ ನಿಂತೇ ಬಾಗಿಲ ಕಡೆ ಮುಖ ಮಾಡಿ ಕೂಗಿದೆ. “ಯಾರರೆ ಬರ್ರೀ! ಕೂಸನ್ನ ಎತ್ತಿ ಕೊಡ್ರೀ!” ಮಗಳು ಎರಡು ಹೆಜ್ಜೆ ದೂರದಲ್ಲಿದ್ದಳು, ನಾನು ಬೀದಿಯವರನ್ನು ಕರೆದೆ. ನಾಲ್ಕು ಸಲ ಕರೆದೆ. ನಾಲ್ಕು ಎಂದು ಗೊತ್ತಿರುವುದು ಹೇಗೆಂದರೆ, ಆ ನಾಲ್ಕೂ ಕೂಗು ಇವತ್ತಿಗೂ ಒಂದೊಂದಾಗಿ ನನ್ನ ಕಿವಿಯಲ್ಲಿವೆ. ಐದನೆಯದಕ್ಕೆ ಬಾಯಿ ತೆರೆದಾಗ ನನ್ನ ಮೊಣಕಾಲು ತಾವೇ ಮಡಚಿಕೊಂಡವು.

ಕೆಳಗೆ ಗೋಣಿಚೀಲದ ಒಳಗಿನಂಥ ಕತ್ತಲು. ಸುಟ್ಟ ಹೊಟ್ಟಿನ, ಟೈರಿನ ವಾಸನೆ ಮೂಗಿಗಲ್ಲ, ನೇರ ಗಂಟಲಿಗೆ ಬಂತು. ಕಣ್ಣಿಗೆ ಖಾರ ಎರಚಿದಂತಾಯಿತು. ಕೈಯಾಡಿಸಿದೆ. ಲಟ್ಟಣಿಗೆ ಸಿಕ್ಕಿತು. ಒಂದು ಕಾಲ್ಗೆಜ್ಜೆ ಸಿಕ್ಕಿತು, ಗೆಜ್ಜೆಯ ಜೊತೆ ಕಾಲು. ಎಳೆದು ಎತ್ತಿಕೊಂಡು ನಿಂತೆ. ಮುಖ ಒರೆಸಿರದ ನನ್ನ ಮಗಳನ್ನು ನಾನು ಮೊದಲ ಸಲ ನೋಡಿದೆ. ಮೂಗಿನ ಹೊಳ್ಳೆಗಳು ಕಪ್ಪಾಗಿದ್ದವು. ತುಟಿ ನೇರಳೆಹಣ್ಣು ತಿಂದವಳ ತುಟಿಯಂತಿತ್ತು. ತಲೆಕೆಳಗು ಮಾಡಿ ಬೆನ್ನಿಗೆ ಬಡಿದೆ. ಬಾಯಿಂದ ಕರಿಯ ಜೊಲ್ಲು ಇಳಿಯಿತು, ಮತ್ತೆ ಉಸಿರು ಬಂತು, ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನ ಸದ್ದಿನಂತೆ.

ಸಾವಂತ್ರಿ ಕೊಡ ಹೊತ್ತು ಬಾಗಿಲಿಗೆ ಬಂದವಳು ಮೊದಲು ನನ್ನ ತಲೆ ನೋಡಿದಳು. ಕೂದಲ ತುಂಬ ಮಸಿಯಿತ್ತು.

“ಬಗ್ಗಿದ್ರೇನು?” ಎಂದಳು, ಪಿಸುದನಿಯಲ್ಲಿ, ಕೊಲೆ ಮಾಡಿದವನನ್ನು ಕೇಳುವ ಹಾಗೆ. ಆಮೇಲೆ ಅವಳ ಕಣ್ಣು ಕೂಸಿನ ಮೇಲೆ ಬಿತ್ತು, ಕೊಡ ಕೈಬಿಟ್ಟಿತು.

ಇನಾಮದಾರ ಡಾಕ್ಟರ ಮನೆ ಊರಿನಲ್ಲೇ ಎತ್ತರ, ಮೂರು ಮಾಳಿಗೆ. ಅವರು ಕೂಸಿನ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು.

“ಹೊಗಿ ಅಲ್ಲ ಇದು, ಹೊಗಿಯೊಳಗಿನ ಪುಡಿ. ಹಿಟ್ಟಿಗಿಂತ ಸಣ್ಣದು. ಕಣ್ಣಿಗೆ ಕಾಣೂದಿಲ್ಲ, ಹೊಕ್ಕರ ಹೊರಗ ಬರೂದಿಲ್ಲ. ಹತ್ತು ದಿನಾ ಈ ಎದಿಗೆ ಹೊಸಾ ಪುಡಿ ಬೀಳಬಾರದು ನೋಡು.”

“ಮ್ಯಾಲ ಎತ್ತಿ ಹಿಡಕೊಂಡಿರತೀನ್ರೀ,” ಎಂದಳು ಸಾವಂತ್ರಿ. “ಹತ್ತೂ ದಿನಾ ಹಿಡಕೊಂಡಿರತೀನಿ.”

“ಮಧ್ಯಾಹ್ನದಾಗ ಎಲ್ಲಿ ಹಿಡೀತೀಯವ್ವಾ? ಆಗ ನನ್ನ ಮಾಳಿಗಿಗೂ ಬರತೈತಿ ಅದು. ಭಟ್ಟಿ ಆರಿದ್ರ ಉಳೀತೈತಿ ಕೂಸು. ಆರದಿದ್ರ ನಾ ಏನೂ ಹೇಳೂದಿಲ್ಲ.” ಕೊಳವೆಯನ್ನು ಸುತ್ತಿಡುತ್ತ ನನ್ನ ಕಡೆ ನೋಡಿದರು. “ಈ ಊರಾಗ ಭಟ್ಟಿ ಆರಿಸಾಕ ಒಬ್ಬಂವಗ ಅಷ್ಟ ಬರತೈತಿ.”

ಸಾವಂತ್ರಿ ನನ್ನ ತಲೆ ತೊಳೆದು ಮಸಿ ತೆಗೆದಳು, ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕೂಸನ್ನು ಹೆಗಲ ಮೇಲೆ ಹಿಡಿದಿದ್ದಳು. ಆಮೇಲೆ ಅವಳು ಕೂರಲಿಲ್ಲ. ನಾನು ಚಾವಡಿಗೆ ಹೋದೆ. ಗೌಡರು ಇನ್ನೂ ಖುಷಿಯಲ್ಲಿದ್ದರು.

“ಹತ್ತು ದಿನಾ ಭಟ್ಟಿ ಆರಿಸ್ರಿ ಗೌಡ್ರ.”

“ಮೀನಖಂಡದ ದಿನಾ?” ಅವರಿಗೆ ನಿಜಕ್ಕೂ ನಗು ಬಂತು. “ಏನೋ ಶಿವಪುತ್ರ, ಶಾಲು ಹೊದಿಸಿದ್ದು ತಲಿಗೇರಿತೇನು?”

“ನನ್ನ ಮಗಳು ಸಾಯಾಕ ಹತ್ಯಾಳ್ರೀ.”

ನಗು ನಿಂತಿತು. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟರು. “ನಮ್ಮ ಮನ್ಯಾಗ ತಂದಿಡು. ಅಟ್ಟದ ಮ್ಯಾಲ ಜಾಗಾ ಐತಿ. ಆದ್ರ ಊರು ಗ್ವಾಡಿ ಮ್ಯಾಲ ಬರದಂಗ ನಡೀಬೇಕು. ನಾಳಿ ಅದು ನಿನ್ನ ಬಾಯಿಗೆ ಬರ್ಲಿ, ನನ್ನ ಆರೂ ಭಟ್ಟಿ ನಾನ ಮೊದಲ ಆರಸ್ತೀನಿ. ಇಷ್ಟ ಮಂದಿ ಮುಂದ ಹೇಳೀನಿ, ಮಾತ ತಿರಗಸೂದಿಲ್ಲ.”

ಇಷ್ಟ ಮಂದಿ ಎಂದರೆ ಚಹಾ ಕುಡಿಯುತ್ತಿದ್ದ ಹತ್ತು ಹನ್ನೆರಡು ಭಟ್ಟಿ ಮಾಲೀಕರು. ಅವರೆಲ್ಲ ತಲೆಯಾಡಿಸಿದರು. ನಾಳೆ ಬಾಯಿಗೆ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಮರುದಿನ ಮುಚ್ಚಳ ಸೊಂಟಕ್ಕಿತ್ತು. ರಾತ್ರಿ ಎರಡು ಪಾಳಿ ಉರಿದಿದ್ದರಿಂದ ಹೊಗೆ ತುಂಬಿ ಅದು ಏರಿತ್ತು, ಬಣ್ಣವೂ ಕುದಿಸಿದ ಬೆಲ್ಲದಂತಾಗಿತ್ತು. ಚೌಕ ತುಂಬಿತ್ತು. ಸಾವಂತ್ರಿಯೂ ಬಂದಿದ್ದಳು, ಹೆಗಲ ಮೇಲೆ ಇಂದ್ರಿ. ಚಾವಡಿಯ ಗಡಿಯಾರ ಎಂಟು ಹೊಡೆಯಿತು. ಎಲ್ಲರ ಬಾಯಲ್ಲೂ ‘ಸೊಂಟ’ ಎಂಬ ಪದ ಆಗಲೇ ಸಿದ್ಧವಾಗಿತ್ತು. ಕೆಲವರು ಭಟ್ಟಿಯ ಕಡೆ ತಿರುಗಿಯೂ ಆಗಿತ್ತು.

ನಾನು ಮಂಡಿಯೂರಿದೆ.

ಹೆಂಗಸರು ಚೀರಿದ್ದು ಕೇಳಿಸಿತು. ನಾನು ನಿಲ್ಲಿಸಲಿಲ್ಲ. ಅಂಗೈ ಊರಿ, ಮೊಣಕೈ ಊರಿ, ಚೌಕದ ಕಲ್ಲಿನ ಮೇಲೆ ಅಂಗಾತ ಮಲಗಿದೆ. ಮುಚ್ಚಳ ನನ್ನ ಮುಖದ ಮೇಲೆ ಎಲ್ಲೋ ಎತ್ತರದಲ್ಲಿ ಮುಚ್ಚಿಕೊಂಡಿತು. ಎದೆಯಲ್ಲಿದ್ದ ಒಳ್ಳೆಯ ಗಾಳಿಯನ್ನೆಲ್ಲ ಒಟ್ಟು ಮಾಡಿ ಕೂಗಿದೆ.

“ಬಾಯಿ!”

ಕಣ್ಣು ಉರಿಯುತ್ತಿತ್ತು, ನಿಧಾನಕ್ಕೆ ಎರಡು ಮಾರು ದೂರ ಕಾಣತೊಡಗಿತು. ನಾನು ಒಬ್ಬನೇ ಇರಲಿಲ್ಲ. ಮೆಹಬೂಬಿ ಚಾಚಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು, ತೊಡೆಯ ಮೇಲೆ ಮೊಮ್ಮಗಳು. ಪಕ್ಕದಲ್ಲಿ ಚಪ್ಪಲಿ ಹೊಲಿಯುವವನು ಬಾಯಲ್ಲಿ ದಾರ ಕಚ್ಚಿಕೊಂಡಿದ್ದ. ಅವನಾಚೆ ಭಟ್ಟಿ ಕೆಲಸದವರ ಮಕ್ಕಳು, ಐದೋ ಆರೋ, ಗೋಲಿ ಆಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಇನ್ನೂ ಮುಖಗಳು. ಆರು ಚಳಿಗಾಲ ನಾನು ಇವರ ನಡುವೆ ನಿಂತು ‘ಸೊಂಟ’ ಎಂದು ಕೂಗಿದ್ದೆ, ಇವರ ನೆತ್ತಿಯ ಮೇಲೆ ಚಪ್ಪಾಳೆ ಬಿದ್ದಿತ್ತು.

“ಯಾಕ ತಮ್ಮಾ, ಬಿದ್ದೇನು?” ಎಂದಳು ಚಾಚಿ.

“ಇಲ್ಲ ಚಾಚಿ. ಅಳತಿ ಮಾಡಾಕ ಹತ್ತೀನಿ.”

ಮೇಲೆ ಗದ್ದಲ ಎದ್ದಿತು. “ಬಗ್ಗ್ಯಾನ! ಅಳತಿ ಕೆಟ್ಟು ಹೋತು!” “ಮಲಕೊಂಡು ಹೇಳಿದ್ದು ಅಳತಿ ಅಲ್ಲ!” “ನಿಂತ ಹೇಳಬೇಕಂತ ಗ್ವಾಡಿ ಮ್ಯಾಲ ಎಲ್ಲಿ ಬರದೈತಿ?” ಇದು ಇನಾಮದಾರ ಡಾಕ್ಟರ ದನಿ. ಎಲ್ಲರ ದನಿಯನ್ನೂ ಮೀರಿ ಗೌಡರು ಗುಡುಗಿದರು.

“ಸುಳ್ಳ ಹೇಳ್ತಾನ! ಎಲ್ಲಾರಿಗೂ ಕಾಣಾಕ ಹತ್ತೈತಿ, ಸೊಂಟಕ್ಕೈತಿ.”

“ಯಾರ ಸೊಂಟಕ್ಕ ರೀ ಗೌಡ್ರ?” ನಾನು ಕೆಳಗಿನಿಂದ ಕೂಗಿದೆ. ಮಾತಿನ ನಡುವೆ ಕೆಮ್ಮು ಬಂತು. “ಬಗ್ಗಿ ನೋಡ್ರಿ. ನನ್ನ ಬಾಯಿ ಎಲ್ಲೈತಿ, ಮುಚ್ಚಳ ಎಲ್ಲೈತಿ, ನೀವ ನೋಡಿ ಹೇಳ್ರಿ.”

ನನ್ನ ಸುತ್ತ ಕಾಲುಗಳು ಕಾಣುತ್ತಿದ್ದವು, ನೂರಾರು, ಚಪ್ಪಲಿ ಮೆಟ್ಟಿದವು, ಬೂಟು ಹಾಕಿದವು. ಒಂದೂ ಮಡಚಲಿಲ್ಲ.

“ನಿನ್ನೆ ಮಾತ ಕೊಟ್ಟೀರಿ ಗೌಡ್ರ,” ಎಂದಳು ಸಾವಂತ್ರಿ. ಅವಳು ಹಿರಿಯರ ಮುಂದೆ ದನಿಯೆತ್ತಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. “ಸುಳ್ಳಂತ ಹೇಳೂದಿದ್ರ ನೋಡಿ ಹೇಳ್ರಿ. ನೋಡಲಾರದ ಹೇಳಬ್ಯಾಡ್ರಿ.”

ಬಹಳ ಹೊತ್ತಿನ ಮೇಲೆ ನನ್ನ ತಲೆಯ ಹತ್ತಿರದ ಎರಡು ಕಾಲುಗಳು ಮಡಚಿಕೊಂಡವು. ಕೀಲು ಲಟಕ್ಕೆಂದಿತು. ಬಿಳಿ ಧೋತರದ ಮಡಿಕೆ ಕಲ್ಲಿಗೆ ಬಿತ್ತು, ಒಂದು ಕೈ ಕಲ್ಲನ್ನು ತಡಕಿ ಊರಿಕೊಂಡಿತು. ಆಮೇಲೆ ಮುಚ್ಚಳ ಸೀಳಿಕೊಂಡು ಮೊದಲು ಮೀಸೆ, ಮೂಗು, ಕೊನೆಗೆ ಬಿಗಿಯಾಗಿ ಮುಚ್ಚಿದ ಕಣ್ಣುಗಳು ಇಳಿದವು. ಅರವತ್ತು ದಾಟಿದ ಫಕೀರಗೌಡರು ತಮ್ಮ ಹೊಗೆಯೊಳಗೆ ಮೊದಲ ಸಲ ಬಂದಿದ್ದರು. ಕಣ್ಣು ತೆರೆದರು. ನನ್ನ ಬಾಯಿಯನ್ನು ನೋಡಿದರು, ಅದರ ಮೇಲೆ ಎಷ್ಟಿದೆ ಎಂದು ನೋಡಿದರು. ಹಿಂದಕ್ಕೆ ಹೋಗುತ್ತಿದ್ದ ಮುಖ ಅಲ್ಲೇ ನಿಂತಿತು. ನನ್ನಾಚೆ ನೋಡಿದರು, ಚಾಚಿಯನ್ನು, ಮಗುವನ್ನು, ಗೋಲಿ ಹಿಡಿದ ಮಕ್ಕಳನ್ನು, ಹಿಂದಿನ ಮುಖಗಳನ್ನು, ಒಂದೊಂದಾಗಿ.

“ಇವರೆಲ್ಲಾ ಯಾರೋ?” ಎಂದರು.

“ನಾವ ರೀ ಗೌಡ್ರ,” ಎಂದಳು ಮೆಹಬೂಬಿ ಚಾಚಿ. ಮೊಮ್ಮಗಳ ಭುಜ ತಟ್ಟಿದಳು. “ಸರಕೊಳ್ಳವ್ವಾ. ಗೌಡ್ರಿಗೆ ಜಾಗಾ ಬಿಡು.”

ಆ ಮಗು ಸರಿದು ಜಾಗ ಬಿಟ್ಟಿತು. ಗೌಡರು ಏನೋ ಹೇಳಲು ಬಾಯಿ ತೆರೆದರು. ಹೊಗೆ ಒಳಗೆ ಹೋಯಿತು. ನಾನು ನನ್ನ ಮಗಳ ಎದೆಯಿಂದ ಕೇಳಿದ್ದ ಅದೇ ಒಣ ಸದ್ದು ಅವರ ಎದೆಯಿಂದ ಬಂತು. “ಏನೈತ್ರೀ ಕೆಳಗ? ಏನ ಕಂಡ್ರಿ?” ಎಂದು ಮೇಲಿನಿಂದ ಕೂಗುತ್ತಿದ್ದರು. ಗೌಡರು ಕಲ್ಲು ಹಿಡಿದುಕೊಂಡೇ ಎದ್ದರು, ಕಾಲುಗಳು ಚಾವಡಿಯ ಕಡೆ ನಡೆದವು, ಮೆಟ್ಟಿಲ ಹತ್ತಿರ ಒಮ್ಮೆ ಎಡವಿದವು. ಆಮೇಲೆ ಗಂಟೆ ಕೇಳಿಸಿತು, ಬೆಂಕಿ ಆರಿಸುವ ಗಂಟೆ, ಬಿಟ್ಟು ಬಿಟ್ಟು, ಬಾರಿಸುವವನ ಕೈಗೆ ಅಭ್ಯಾಸ ಇಲ್ಲದ ಹಾಗೆ. ದೂರದಲ್ಲಿ ಮೊದಲ ಭಟ್ಟಿಗೆ ನೀರು ಸುರಿದ ಚುಯ್ ಸದ್ದು ನೆಲದ ಮೂಲಕ ನನ್ನ ಬೆನ್ನಿಗೆ ಬಂತು.

ನಾನು ಏಳಲಿಲ್ಲ. ನಾನು ಎದ್ದು ನಿಂತರೆ ಮುಚ್ಚಳ ಮತ್ತೆ ಸೊಂಟಕ್ಕೆ ಬರುತ್ತಿತ್ತು.

ಎರಡು ಪರಿಚಿತ ಪಾದಗಳು ನನ್ನ ತಲೆಯ ಹತ್ತಿರ ಬಂದು ನಿಂತವು. ಕಾಲುಂಗುರ, ಒಡೆದ ಹಿಮ್ಮಡಿ. ನಿನ್ನೆಯಿಂದ ಕೂತಿರದ ಪಾದಗಳು ಊದಿಕೊಂಡಿದ್ದವು.

“ಎಷ್ಟ ದಿನಾ ಮಲಗಾವ್ರು?” ಎಂದಳು ಸಾವಂತ್ರಿ ಮೇಲಿನಿಂದ.

“ಡಾಕ್ಟರು ಹತ್ತು ಅಂದಾರ.”

ಹೆಗಲ ಮೇಲೆ ಇಂದ್ರಿ ಕೆಮ್ಮಿದಳು.

“ಉಣ್ಣಾಕ ಏನ್ ತರ್ಲಿ?”

“ರೊಟ್ಟಿ ತಾ,” ಎಂದೆ. “ಆದ್ರ ಬಗ್ಗಬ್ಯಾಡ. ಮ್ಯಾಲಿಂದ ಬಿಡು, ನಾ ಹಿಡೀತೀನಿ.”